ಕೆಂಪಿಯ ಬಾನಿಗೆ ಬಿದ್ದ ಬಿಸ್ಕತ್ತು

"ಇವತ್ತಿಂದ ಈ ಮನೆಯೊಳಕ್ಕೆ ಪ್ಯಾಕೆಟ್ಟು ಅನ್ನೋ ಜಾತೀದು ಒಂದೂ ಕಾಲಿಡಂಗಿಲ್ಲ!"

ಭಾನುವಾರ ಬೆಳಿಗ್ಗೆ ಸುಬ್ರಮಣಿ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಕೇಳಲು ಇದ್ದವರು ಇಬ್ಬರೇ. ಸೊಪ್ಪು ಬಿಡಿಸುತ್ತಿದ್ದ ತಾಯಿ ಆದಿಲಕ್ಷ್ಮಮ್ಮ, ಆ ಸೊಪ್ಪಿಗಾಗಿ ಒಲೆಯ ಮುಂದೆ ಕಾಯುತ್ತಿದ್ದ ಹೆಂಡತಿ ಸುಕನ್ಯ. ಸಭೆ ಚಿಕ್ಕದಾದರೇನು, ಭಾಷಣ ದೊಡ್ಡದಿತ್ತು.

ಬೇತಮಂಗಲದ ಕಡೆಯ ಹಳ್ಳಿಯವನಾದ ಸುಬ್ರಮಣಿ ದಿನಾ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗೆ ಹೋಗುವವನು. ರೈಲು ಹೊರಡುವುದೇ ಅಲ್ಲಿಂದ, ಹಾಗಾಗಿ ಕಿಟಕಿ ಪಕ್ಕದ ಸೀಟು ಗ್ಯಾರಂಟಿ. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಚಾಂಪಿಯನ್ ಸ್ಟೇಷನ್ ದಾಟುವ ಮೊದಲೇ ಚಿಪ್ಸು, ಬಂಗಾರಪೇಟೆಗೆ ಕ್ರೀಮ್ ಬಿಸ್ಕತ್ತು, ಮಾಲೂರಿಗೆ ಬಣ್ಣದ ಜ್ಯೂಸು! ಹೀಗೆ ಸ್ಟೇಷನ್ನಿಗೊಂದು ನೈವೇದ್ಯ ಮಾಡಿಕೊಂಡು ಬಂದ ಭಕ್ತನಿಗೆ ಕಾರ್ಖಾನೆಯ ಆರೋಗ್ಯ ತಪಾಸಣೆಯಲ್ಲಿ ಪ್ರಸಾದ ಸಿಕ್ಕಿತ್ತು. ಲಿವರಿನಲ್ಲಿ ಕೊಬ್ಬು, ಏರಿದ ಬಿ.ಪಿ., ಹೊಸಿಲವರೆಗೆ ಬಂದು ನಿಂತ ಸಕ್ಕರೆ ಕಾಯಿಲೆ. "ಪ್ಯಾಕೆಟ್ ಬಿಡಿ, ಮನೆ ಊಟ ಮಾಡಿ, ನಡೀರಿ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

"ಅಡುಗೆಮನೇಲಿ ಇಲ್ಲದ ಪದಾರ್ಥದ ಎಸರು ಪ್ಯಾಕೆಟ್ಟಿನ ಇಂದ್ಗಡೆ ಬರ್ದಿದ್ರೆ ಅದು ಊಟವೇ ಅಲ್ಲ! ಅಮ್ಮಾ, ನೀನೇ ಹೇಳು, ಎಮಲ್ಸಿಫೈಯರ್ ಅಂದ್ರೆ ಏನು?"

"ಯಾರ್ಲಾ ಅವ್ನು? ನಮ್ಮೂರೋನಾ?"

"ನೋಡ್ದ್ಯಾ! ನಿಂಗೆ ಗೊತ್ತಿಲ್ಲ ಅಂದ್ರೆ ನಮಗೆ ಬೇಡ!"

ಸುಕನ್ಯ ಸೌಟು ಹಿಡಿದೇ ಕೇಳಿದಳು. "ಇಷ್ಟು ದಿನ ತಂದು ಟ್ರಂಕಿಗೆ ತುಂಬಿದ್ದು ಯಾರು?"

ಅದೂ ನಿಜವೇ. ಒಂದು ಕೊಂಡರೆ ಒಂದು ಉಚಿತ ಎಂಬ ಮಾತಿಗೆ ಮರುಳಾಗಿ, ಕಾರ್ಖಾನೆಯವರು ಹಬ್ಬಕ್ಕೆ ಕೊಟ್ಟ ಡಬ್ಬಗಳನ್ನೂ ಸೇರಿಸಿ, ಸುಬ್ರಮಣಿ ಮದುವೆಯ ಕಬ್ಬಿಣದ ಟ್ರಂಕನ್ನು ಕಂಠಮಟ್ಟ ತುಂಬಿಸಿದ್ದ. ಬಿಸ್ಕತ್ತು, ನೂಡಲ್ಸು, ಚಿಪ್ಸು, ಕೇಕು, ಹಾಲಿಗೆ ಹಾಕುವ ಚಾಕೊಲೇಟು ಪುಡಿ! ಶತ್ರುಸೈನ್ಯವನ್ನು ತಾನೇ ಸಾಕಿ ಈಗ ತಾನೇ ಯುದ್ಧಕ್ಕೆ ಹೊರಟಿದ್ದ ನಮ್ಮ ವೀರ.

"ನಾನು ಬತ್ತೀನಿ, ಡೈರಿಗೆ ಆಲಾಕಿ" ಎಂದು ಸುಕನ್ಯ ಕ್ಯಾನು ಹಿಡಿದು ಹೊರಟಳು. ಸುಬ್ರಮಣಿ ಟ್ರಂಕನ್ನು ತಿಪ್ಪೆಯ ಕಡೆ ಎಳೆದ. ಆದಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು.

"ಲೇ! ತಿನ್ನೋ ಪದಾರ್ಥ ತಿಪ್ಪೆಗಾಕ್ತೀಯೇನ್ಲಾ? ಗೋಧಿ ಇಟ್ಟಲ್ವಾ ಅದು? ದರಿದ್ರ ಒಕ್ಕರಿಸ್ಕೊಳ್ತದೆ!"

ಆ ಮನೆಯಲ್ಲಿ ಅನ್ನದ ಅಗುಳನ್ನೂ ಕಸಕ್ಕೆ ಹಾಕಿದವರಿಲ್ಲ. ಮಿಕ್ಕಿದ್ದು, ಹಳಸಿದ್ದು, ತೊಳೆದ ನೀರು, ಎಲ್ಲವೂ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಸುಬ್ರಮಣಿ ಒಂದು ಕ್ಷಣ ಯೋಚಿಸಿದ. ಹಸುವಿಗೆ ಬಿ.ಪಿ. ಉಂಟೇ? ಲಿವರಿನ ರಿಪೋರ್ಟು ಉಂಟೇ? ಕವರುಗಳನ್ನು ಹರಿದು ಹರಿದು ಬಾನಿಗೆ ಸುರಿದ, ನೂಡಲ್ಸಿನ ಮಸಾಲೆಯನ್ನೂ ಬಿಡಲಿಲ್ಲ. ಕೋಲಿನಿಂದ ಚೆನ್ನಾಗಿ ಕಲಸಿ ಕೊಟ್ಟಿಗೆಯ ಹಸು ಕೆಂಪಿಯ ಮುಂದೆ ಎಳೆದ.

ಕೆಂಪಿ ಮೂಸಿದಳು. ಆಮೇಲೆ ತಲೆ ಎತ್ತಲಿಲ್ಲ. ಬಾನಿಯ ತಳ ನೆಕ್ಕಿ ನೆಕ್ಕಿ ಮಿರಿಮಿರಿ ಹೊಳೆಯಿಸಿ "ಇನ್ನೆಲ್ಲಿ?" ಎನ್ನುವಂತೆ ನೋಡಿದಳು. ಮನೆಯ ಆರೋಗ್ಯ ಉಳಿಯಿತು, ಅನ್ನಕ್ಕೆ ಅಪಚಾರವೂ ಆಗಲಿಲ್ಲ! ಸುಬ್ರಮಣಿ ಮೀಸೆ ತಿರುವಿ ಮಧ್ಯಾಹ್ನ ಎರಡು ಮುದ್ದೆ ನುಂಗಿ ಮಲಗಿದ.

ಎಬ್ಬಿಸಿದ್ದು ಸುಕನ್ಯಳ ಕೂಗು. "ಅಯ್ಯಯ್ಯೋ! ಬನ್ರೀ ಇಲ್ಲಿ! ಕೆಂಪಿ ಒಟ್ಟೆ ನೋಡ್ರೀ!"

ಕೆಂಪಿಯ ಎಡಹೊಟ್ಟೆ ಉಬ್ಬಿ ಬೆನ್ನಿನ ಮಟ್ಟಕ್ಕೆ ಬಂದಿತ್ತು. ಬಾಯಲ್ಲಿ ಜೊಲ್ಲು, ಮೆಲುಕು ನಿಂತಿದೆ, ಮುಂದಿಟ್ಟ ಹುಲ್ಲನ್ನು ಮೂಸಿಯೂ ನೋಡುತ್ತಿಲ್ಲ. ಸುಕನ್ಯ ಹಸುವಿನ ಕೊರಳು ತಬ್ಬಿ ಅಳುತ್ತಿದ್ದಳು.

"ನಮ್ಮಮ್ಮ ಕರು ಆಗಿದ್ದಾಗ್ಲೇ ಕೊಟ್ಟು ಕಳ್ಸಿದ್ದು ಇವಳ್ನ. ನನ್ನ ಜೊತೆ ಈ ಮನೆಗೆ ಬಂದೋಳು ಇವ್ಳೊಬ್ಳೇ. ಇವ್ಳಿಗೇನಾದ್ರೂ ಆದ್ರೆ ನಾನು ಬದುಕಲ್ಲ!"

ತನ್ನ ರಿಪೋರ್ಟು ನೋಡಿದಾಗಲೂ ಸುಬ್ರಮಣಿಗೆ ಇಷ್ಟು ಭಯವಾಗಿರಲಿಲ್ಲ. ಪಶುವೈದ್ಯ ಗಿರಿಗೆ ಫೋನು ಮಾಡಿದ. ಪುಣ್ಯಾತ್ಮ ಬೈಕಿನಲ್ಲಿ ಬೇಗನೆ ಬಂದರು, ಹೊಟ್ಟೆ ತಟ್ಟಿ ನೋಡಿದರು.

"ಏನು ತಿನ್ಸಿದ್ರಿ?"

"ದಿನಾ ಆಕೋ ಉಲ್ಲೇ ಸಾರ್."

"ನಿಜ ಹೇಳಿ. ಔಷಧಿ ಅದರ ಮೇಲೆ."

"ಸ್ವಲ್ಪ... ಬಿಸ್ಕತ್ತು ಸಾರ್."

"ಸ್ವಲ್ಪ ಅಂದ್ರೆ ಎಷ್ಟು?"

ಸುಬ್ರಮಣಿ ಹೆಂಡತಿಯ ಮುಖ ನೋಡಿದ, ಹಸುವಿನ ಮುಖ ನೋಡಿದ, ಕೊನೆಗೆ ನೆಲ ನೋಡಿದ. "ಒಂದು ಟ್ರಂಕು ಸಾರ್."

ಸುಕನ್ಯಳ ಅಳು ಟಕ್ಕನೆ ನಿಂತಿತು. ಅದರ ಬದಲಿಗೆ ಬಂದ ನೋಟಕ್ಕಿಂತ ಅಳುವೇ ವಾಸಿಯಿತ್ತು!

ಗಿರಿ ಹೊಟ್ಟೆಗೆ ನಳಿಗೆ ಇಳಿಸಿ, ಔಷಧಿ ಹಾಕಿ, ಚುಚ್ಚುಮದ್ದು ಕೊಟ್ಟರು. ನಳಿಗೆಯಿಂದ ಬುಸ್ಸೆಂದು ಹೊರಟ ಗಾಳಿಗೆ ನೂಡಲ್ಸ್ ಮಸಾಲೆಯ ಘಮ! ಕೆಲಸ ಮಾಡುತ್ತಲೇ ಅವರು ಬೈದರು.

"ಹೊಟ್ಟೆ ಕೆಲಸ ಮಾಡೋದಕ್ಕೆ ನಾರು ಬೇಕು ಕಣ್ರೀ. ನಯವಾದ ಹಿಟ್ಟು, ಸಕ್ಕರೆ ಒಂದೇ ಸಲ ಬಿದ್ರೆ ಒಳಗೆಲ್ಲ ಹುಳಿ ಆಗ್ತದೆ. ನಮ್ಮದೂ ಅದೇ ಪಾಡು. ನಾರಿಲ್ಲ, ಅಗಿಯೋ ಕೆಲಸ ಇಲ್ಲ, ಹೊಟ್ಟೆ ತುಂಬಿದ್ದು ಗೊತ್ತಾಗೋ ಮೊದಲೇ ಪ್ಯಾಕೆಟ್ಟು ಖಾಲಿ. ಇವಳಿಗೆ ಒಣಹುಲ್ಲು, ನೀರು, ಅಷ್ಟೇ. ಈಗ ನಿಧಾನಕ್ಕೆ ನಡೆಸಿ, ಮಲಗೋಕೆ ಬಿಡಬೇಡಿ."

ಸುಕನ್ಯ ಹಗ್ಗವನ್ನು ಗಂಡನ ಕೈಗೆ ತುರುಕಿದಳು. "ನಡೀರಿ. ಅವ್ಳು ಮೆಲುಕು ಆಕೋ ತನಕ ನೀವು ಕೂರಂಗಿಲ್ಲ."

ಊರಿನ ರಸ್ತೆಯಲ್ಲಿ ಮುಂದೆ ಸುಬ್ರಮಣಿಯ ಹೊಟ್ಟೆ, ಹಿಂದೆ ಕೆಂಪಿಯ ಹೊಟ್ಟೆ! ಜಗಲಿಯ ಮೇಲಿದ್ದ ಮುನಿನಾರಾಯಣಮ್ಮ "ಏಮಯ್ಯಾ, ಆವುಕಿ ವಾಕಿಂಗಾ?" ಎಂದು, ಹಸುವಿಗೆ ವಾಕಿಂಗಾ ಅಂತ ತೆಲುಗಿನಲ್ಲೇ ಕೇಳಿ ನಕ್ಕರು. ವಾಕಿಂಗು ಹಸುವಿಗೋ ಅವನಿಗೋ ಹೇಳುವುದು ಕಷ್ಟವಿತ್ತು. ಬೆವರು ಸುರಿದರೂ ಅವನು ನಿಲ್ಲಲಿಲ್ಲ. "ಮೆಲುಕಾಕವ್ವಾ, ನನ್ ತಾಯಿ" ಎಂದು ಹಸುವಿನ ಕಿವಿಯಲ್ಲಿ ಬೇಡಿಕೊಳ್ಳುತ್ತಲೇ ಇದ್ದ. ಹೊತ್ತು ಮುಳುಗುವಾಗ ಕೆಂಪಿ ನಿಂತಳು, ದೀರ್ಘವಾಗಿ ತೇಗಿದಳು, ದವಡೆ ಆಡಿಸಿದಳು. ಸುಬ್ರಮಣಿ ರಸ್ತೆಯಲ್ಲೇ ಅತ್ತುಬಿಟ್ಟ.

ಅಂದಿನಿಂದ ಅವನ ಹಠ ನಿಜವಾದ ಹಠವಾಯಿತು. ರೈಲಿಗೆ ರೊಟ್ಟಿ, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು. ಸಂಜೆ ಊರಿನ ಸುತ್ತ ನಡಿಗೆ. ಪ್ಯಾಂಟು ಸಡಿಲವಾಯಿತು, ಸಹಪ್ರಯಾಣಿಕರಿಗೆ ಉಪದೇಶ ಶುರುವಾಯಿತು.

ಆದರೆ ಒಂದು ಸಂಜೆ ಟೇಕಲ್ ಹತ್ತಿರ ಸಿಗ್ನಲ್ ಸಿಗದೆ ರೈಲು ನಿಂತಿತು. ನಿಂತೇ ಇತ್ತು. ಕಡಲೆಕಾಯಿ ಮುಗಿದಿತ್ತು. ಎದುರಿನವನು ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ಟನ್ನು ಕೈಗೇ ಕೊಟ್ಟುಬಿಟ್ಟ! ಆಮೇಲೆ ಸುಬ್ರಮಣಿ ಬಲು ಎಚ್ಚರ ವಹಿಸಿದ. ಕವರು ಬಂಗಾರಪೇಟೆಯ ಕಸದ ಡಬ್ಬಕ್ಕೆ, ಮಾರಿಕುಪ್ಪಂನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದ್ದೂ ಆಯಿತು. ಸಾಕ್ಷಿ ಶೂನ್ಯ!

ಕೊಟ್ಟಿಗೆ ದಾಟಿ ಒಳಗೆ ಹೋಗಬೇಕು. ಕೆಂಪಿ ಕುತ್ತಿಗೆ ಚಾಚಿ ಅವನ ಮೀಸೆಗೇ ನಾಲಿಗೆ ಹಾಕಿದಳು. ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಬಿಡಿಸಿಕೊಂಡರೆ ಊರಿಗೆಲ್ಲ ಕೇಳುವಂತೆ "ಅಂಬಾ!"

ಸುಕನ್ಯ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನೋ ಕಣೇ, ನನ್ನ ಕಂಡ್ರೆ ಅಷ್ಟು ಪ್ರೀತಿ ಇವ್ಳಿಗೆ!" ಎಂದ ಸುಬ್ರಮಣಿ ಹಲ್ಲು ಕಿರಿದು.

"ಪ್ರೀತಿನಾ? ಈ ಮನೆಗೆ ಬಂದಾಗಿಂದ ನಿಮ್ಮನ್ನ ಒದ್ದವ್ಳೇ ಒರತು ಒಂದು ದಿನ ನೆಕ್ಕಿದೋಳಲ್ಲ. ಎಷ್ಟು ತಿಂದ್ರಿ?"

ಸುಬ್ರಮಣಿ ಒದ್ದೆ ಮೀಸೆ ಒರೆಸಿಕೊಂಡು, ಹಸುವಿನ ಹಿಂದೆ ಅರ್ಧ ಅಡಗಿ ಹೇಳಿದ.

"ಪ್ಯಾಕೆಟ್ಟು ಚಿಕ್ಕದು ಕಣೇ."