ಹೇಳದ ಮಾತನ್ನೂ ಓದುವ ಮಕ್ಕಳು

ಕಥೆಯನ್ನು ಅರ್ಥ ಮಾಡಿಕೊಂಡು ಓದುವುದು ಹೇಗೆಂದು ಹೈಸ್ಕೂಲ್ ಮಕ್ಕಳಿಗೆ ಕಲಿಸಹೊರಟರೆ ವಾರಕ್ಕೊಮ್ಮೆಯಾದರೂ ತಲೆ ಕೆಡುವುದು ಗ್ಯಾರಂಟಿ. ನಾಶಿಕದ ನಮ್ಮ ಕನ್ನಡ ಬಳಗದ ಕೋಣೆಯಲ್ಲಿ ನಾನು ಪ್ರತಿ ಭಾನುವಾರ ಅದನ್ನು ಕೆಡಿಸಿಕೊಳ್ಳುತ್ತೇನೆ. ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಅರ್ಧ ಕನ್ನಡ. ಈಚೆಗೆ ಇನ್ನೊಂದು ಚಿಂತೆ: ಅಧ್ಯಕ್ಷರ ಕಣ್ಣು ನಮ್ಮ ಕೋಣೆಯ ಮೇಲೆ ಬಿದ್ದಿದೆ, ಯೋಗ ವರ್ಗಕ್ಕೆ ಬೇಕಂತೆ. ಕೋಣೆ ಹೋದರೆ ನನ್ನ ಕ್ಲಾಸೂ ಹೋಯಿತು.

ಊಹಿಸಿ ಓದುವುದು

ದಣಿದ ಪ್ರಯಾಣಿಕನೊಬ್ಬ ಅಪರಿಚಿತರ ಮನೆಗೆ ಬರುವಲ್ಲಿಗೆ ಪುಸ್ತಕ ಮುಚ್ಚಿ, "ಮುಂದೇನಾಗಬಹುದು?" ಎಂದೆ.

ಉಡುಪಿ ಕಡೆಯ ಹೋಟೆಲಿನವರ ಮಗ ಎದ್ದ. "ಮೊದ್ಲು ನೀರು ಇಡ್ತಾರೆ ಟೀಚರ್. ಅವ್ನು ‘ಬಿಸಿ ಏನುಂಟು?’ ಕೇಳ್ತಾನೆ. ಇವ್ರು ‘ಇಡ್ಲಿ ಖಾಲಿ’ ಹೇಳ್ತಾರೆ."

ಪುಟ ತಿರುಗಿಸಿದೆ. ಪ್ರಯಾಣಿಕ ಎಚ್ಚರ ತಪ್ಪಿ ಬಿದ್ದಿದ್ದ.

"ನೋಡಿ ಟೀಚರ್, ಇಡ್ಲಿ ಖಾಲಿ ಅಂದದ್ದಕ್ಕೇ!"

ಸುಳಿವು ಹುಡುಕುವುದು

ಇನ್ನೊಂದು ಕಥೆ ಓದಿ ಕೇಳಿದೆ: "ತಾಯಿ ರಸ್ತೆ ನೋಡುತ್ತಾ ಕಣ್ಣೊರೆಸಿಕೊಂಡಳು. ಯಾಕೆ?"

ಪಿಂಪಳಗಾಂವ್ ಮಂಡಿಯ ಈರುಳ್ಳಿ ವ್ಯಾಪಾರಿಯ ಮಗಳು ಥಟ್ಟನೆ, "ಕಾಂದಾ ಭಾವ ಬಿದ್ದದರಿ," ಎಂದಳು. ಈರುಳ್ಳಿ ಬೆಲೆ ಕುಸಿದಿದೆಯಂತೆ.

"ಸುಳಿವೆಲ್ಲಿದೆಯಮ್ಮಾ?"

"ರಸ್ತಾ ನೋಡ್ಲಾಕತ್ತಾಳಲ್ರಿ. ಮಾಲು ಮಾರದೇ ಟ್ರಾಲಿ ವಾಪಸ್ ಬರ್ಲಾಕತ್ತದ."

"ಅವಳು ಮಗನ ದಾರಿ ಕಾಯುತ್ತಿದ್ದಾಳೆ!"

ಹುಡುಗಿ ಒಪ್ಪಿದಳು. "ಹೌದ್ರಿ. ಅಂವಾ ಟ್ರಾಲಿ ಮ್ಯಾಲೇ ಕುಂತಿರಬೇಕು."

ಸಾರಾಂಶ

ಕೊನೆಗೂ ಅಧ್ಯಕ್ಷರು ಹೆಂಡತಿಯೊಂದಿಗೆ ಬಂದರು. ಬೀದರ ಕಡೆಯ ಬಟ್ಟೆ ವ್ಯಾಪಾರಿ. "ಎರಡೇ ಮಾತು" ಎಂದು ಎದ್ದು ನಿಂತವರು ಕೂರುವ ಲಕ್ಷಣವೇ ಕಾಣಲಿಲ್ಲ. ಕೋಣೆಯ ಗಾಳಿಯನ್ನು ಹೊಗಳಿದರು, ಬಳಗದವರ ಬೆನ್ನುನೋವಿನ ಬಗ್ಗೆ ಮರುಗಿದರು, ಬೆಂಚುಗಳನ್ನು ಎಷ್ಟು ಮಂದಿ ಎತ್ತಬಹುದೆಂದು ವಿಚಾರಿಸಿದರು. ಆಮೇಲೆ ಒಂಬತ್ತನೇ ತರಗತಿಯ ಒಬ್ಬಳಿಗೆ, "ನಾ ಹೇಳಿದ್ದರ ಸಾರಾಂಶ ಹೇಳವ್ವಾ," ಎಂದರು.

"ಯೋಗಾಕ್ಕ ಈ ರೂಮ್ ಬೇಕಾಗೇದ್ರಿ. ನಮ್ಮನ್ನ ಹೊರಗ ಹಾಕೋರಿದ್ದೀರಿ."

ಅಧ್ಯಕ್ಷರ ಮುಖ ಕೆಂಪಾಯಿತು. "ನಾ ಹಂಗಂದೇ ಇಲ್ಲಲ್ಲ!"

"ಅನ್ನಲಾರದ್ದು ತಿಳ್ಕೊಳ್ಳೋದೇ ಓದೋದು ಅಂತ ಟೀಚರ್ ಕಲಿಸ್ಯಾರ್ರಿ."

ನನ್ನ ಕ್ಲಾಸಿನ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಸೆರಗು ಸರಿಮಾಡಿಕೊಂಡು ಬಂದು ಮೊದಲ ಬೆಂಚಿನಲ್ಲಿ ಕೂತುಬಿಟ್ಟರು.

"ಯೋಗಾ ಟೆರೇಸ್ ಮ್ಯಾಲ ಮಾಡ್ಕೋರಿ," ಎಂದರು ಗಂಡನಿಗೆ. "ಲಗ್ನ ಆದಾಗಿಂದ ನಿಮ್ಮ ಮಾತು ಕೇಳ್ಲಾಕತ್ತೀನಿ, ಸಾರಾಂಶ ಸಿಕ್ಕಿದ್ದು ಇವತ್ತೇ. ಟೀಚರ್, ನನ್ನ ಹೆಸರೂ ಬರ್ಕೋರಿ!"