ಮಾಲೆ ಹಾಕಿಸಿಕೊಂಡ ಮುಖ

ಹೂವಿನ ಮಾಲೆ ಬಾಡಬಾರದೆಂದು ಪರಮ ಹೆಗಡೆ ಅದಕ್ಕೆ ನೀರು ಚಿಮುಕಿಸಿ, ಜಗುಲಿಯ ಗೋಡೆಗೆ ಆನಿಸಿಟ್ಟಿದ್ದ ಚಿತ್ರದ ಚೌಕಟ್ಟಿಗೆ ನೇತುಹಾಕಿ ಸ್ನಾನಕ್ಕೆ ಹೋದರು. ಅವರು ಮಾಡಿದ್ದು ಅಷ್ಟೇ.

ಚಿತ್ರ ಅವರೇ ಬರೆದದ್ದು. ನಿವೃತ್ತಿಯಾದ ಮೇಲೆ ಮೊಬೈಲು ನೋಡಿ ಕಲಿತ ಎಣ್ಣೆಬಣ್ಣದ ಹುಚ್ಚು ಎಷ್ಟು ಹಿಡಿದಿತ್ತೆಂದರೆ, ಹೆಂಡತಿ ಪ್ರತಿಭಾ ಇಟ್ಟುಹೋದ ಚಹಾದಲ್ಲೇ ಅವರು ಕುಂಚ ಅದ್ದಿದ್ದೂ ಉಂಟು. ಚಿತ್ರದಲ್ಲಿದ್ದವನು ದಾಸನಕೊಪ್ಪದ ಶಿವಪುತ್ರಪ್ಪ, ಕಾಲೇಜಿನ ಕಾಲದ ಗೆಳೆಯ. ಸಂತೆಯ ದಿನ ಅವನು ಶಿರಸಿಗೆ ಬಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಇಬ್ಬರೂ ಕುಳಿತು ಮಿರ್ಚಿಭಜಿ ತಿನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಸುಖವನ್ನು ಹೆಗಡೆ ಕಂಡವರಲ್ಲ. ಹಾಗೆ ತಿನ್ನುವಾಗ ಅವನ ಮೂಗನ್ನೂ ಕಿವಿಯನ್ನೂ ಕದ್ದು ನೋಡಿ ಬಂದು ಗುಟ್ಟಾಗಿ ಬರೆದಿದ್ದರು. ಮರುದಿನ ಗೆಳೆಯನ ಹುಟ್ಟಿದಹಬ್ಬ. ಚಿತ್ರವನ್ನು ಮಾಲೆ ಸಮೇತ ಒಯ್ದು ಕೊಡಬೇಕೆಂದು ಆಸೆ.

ಮೈ ಒರೆಸಿಕೊಂಡು ಹೊರಬರುವಷ್ಟರಲ್ಲಿ ಪಕ್ಕದ ಮನೆಯ ಗೌರಕ್ಕ ಚಿತ್ರದ ಮುಂದೆ ದೀಪ ಹಚ್ಚಿದ್ದರು. ಬೀದಿಗೆಲ್ಲ ಸಾವಿನ ಸುದ್ದಿ ಮುಟ್ಟಿಸಿ, ಅಂಗಳದಲ್ಲಿ ಕುರ್ಚಿಯನ್ನೂ ಹಾಕಿಸಿದ್ದರು. ಬಂದವರ ಮುಖಗಳು ಹಿಂಡದೆ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದವು. ಬರೀ ಪಂಚೆಯಲ್ಲಿ, ತಲೆಯಿಂದ ನೀರಿಳಿಸುತ್ತ ನಿಂತ ಹೆಗಡೆಯನ್ನು ಕಂಡದ್ದೇ ಎಲ್ಲರಿಗೂ ಉಳಿದ ಅನುಮಾನವೂ ಹೋಯಿತು. ಸುದ್ದಿ ಕೇಳಿ ಸ್ನಾನ ಮಾಡಿ ಬಂದಿದ್ದಾರೆ, ಪಾಪ.

“ಅಂವ ಸತ್ತಿದ್ನಿಲ್ಲೆ, ಬದುಕಿದ್ದ,” ಎಂದರು ಹೆಗಡೆ.

ಅವರ ಮನೆಮಾತಿನಲ್ಲಿ ಅದಕ್ಕೆ, ಈಗಲೂ ಬದುಕಿದ್ದಾನೆ ಎಂದೇ ಅರ್ಥ. ಎದುರುಮನೆಯಲ್ಲಿ ಬಾಡಿಗೆಗಿದ್ದ ಹಾವೇರಿಯ ನವೀನನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಅವನು ಹೆಗಡೆಯವರ ಒದ್ದೆ ಕೈ ಹಿಡಿದು, “ಹೌದ್ರಿ ಸರ್, ಬದುಕಿದ್ದಾಗ ದೇವರಂಥಾ ಮನುಷ್ಯಾ ಇದ್ರು,” ಎಂದ. ಶಿವಪುತ್ರಪ್ಪನನ್ನು ಅವನು ಒಮ್ಮೆಯೂ ನೋಡಿದವನಲ್ಲ. ಮನೆಮಾತು ಬಲ್ಲ ಗೌರಕ್ಕ, “ಮೊದ್ಲಿಗೆ ಎಲ್ಲರಿಗೂ ಹಂಗೇ ಅನ್ನಿಸ್ತು ತಮಾ,” ಎಂದು ಕಣ್ಣೊರೆಸಿಕೊಂಡರು.

ಹೆಗಡೆ ಮಾಲೆ ತೆಗೆಯಲು ಹೋದರೆ ಇಬ್ಬರು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಒಬ್ಬರು ನೀರು ತಂದರು, ಇನ್ನೊಬ್ಬರು ಬಿಪಿ ಗುಳಿಗೆ ಹುಡುಕತೊಡಗಿದರು. ಯಲ್ಲಾಪುರದ ತವರಿಗೆ ಹೋಗಿದ್ದ ಪ್ರತಿಭಾಗೂ ಫೋನು ಹೋಗಿತ್ತು. ಯಾರು ಹೋದರೆಂದೂ ಕೇಳದೆ ಅವರು ಅಳುತ್ತ ಬಸ್ಸು ಹತ್ತಿದ್ದರು.

ಅಷ್ಟರಲ್ಲಿ ಗೇಟು ತೆರೆದು ಶಿವಪುತ್ರಪ್ಪನೇ ಬಂದ. ನಾಳೆಯ ಹಬ್ಬದ ಊಟಕ್ಕೆ ಕರೆಯಲು ಬಂದಿದ್ದ. ಹೆಗಡೆಗೆ ಹೋದ ಜೀವ ಬಂದಂತಾಯಿತು. ಇನ್ನು ಮಾತೇ ಬೇಡ. ಚಿತ್ರದ ಪಕ್ಕದಲ್ಲಿ ಇವನು ನಿಂತರೆ ಸಾಕು, ಬೀದಿಗೆ ಬೀದಿಯೇ ನಕ್ಕು ಮನೆಗೆ ಹೋಗುತ್ತದೆ.

ಶಿವಪುತ್ರಪ್ಪ ಗುಂಪನ್ನೂ ದೀಪವನ್ನೂ ನೋಡಿ ಚಪ್ಪಲಿ ಬಿಟ್ಟ. ಚಿತ್ರದ ಎದುರು ನಿಂತು ಬಹಳ ಹೊತ್ತು ದಿಟ್ಟಿಸಿದ. ಗೌರಕ್ಕ ಎರಡೂ ಮುಖಗಳನ್ನು ಹತ್ತಿರದಿಂದ ಒಟ್ಟಿಗೇ ನೋಡಿದರು. ಅವರಿಗೆ ಏನೂ ಅನ್ನಿಸಲಿಲ್ಲ. ಹೂವಿನ ಬುಟ್ಟಿಯನ್ನು ಅವನ ಕಡೆ ಸರಿಸಿದರು. ಅವನು ಒಂದು ಹಿಡಿ ಹೂ ಹಾಕಿ ಕೈಮುಗಿದು, ಗೆಳೆಯನ ಬಳಿ ಬಂದು ಹೆಗಲು ಮುಟ್ಟಿ ಮೆಲ್ಲಗೆ ಕೇಳಿದ.

“ಯಾರೋ ಪರಮಾ ಇವರು? ಮಾರಿ ನೋಡಿದ್ರ ತಿಳೀತೈತಿ. ಪಾಪ, ಭಾಳ ದಿನ ನರಳ್ಯಾರ.”

ಹೆಗಡೆ ಬಾಯಿ ತೆರೆದರು. ಚಿತ್ರದ ಆ ಕಣ್ಣುಗಳನ್ನು ಬರೆಯುವುದಕ್ಕೇ ಇಡೀ ಬೇಸಿಗೆ ಹಿಡಿದಿತ್ತು. ಇದು ನೀನೇ ಎಂದರೆ, ಹುಟ್ಟಿದಹಬ್ಬದ ಹಿಂದಿನ ದಿನ ಗೆಳೆಯನ ಸಾವಿಗೆ ದೀಪವಿಟ್ಟಂತಾಗುತ್ತದೆ. ಅವನು ತನ್ನ ಮುಖವನ್ನೇ ಗುರುತಿಸಲಿಲ್ಲ ಎಂಬುದಂತೂ ಹೇಳಿದರೂ ಹೇಳದಿದ್ದರೂ ಉಳಿಯುವುದೇ.

“ನಮ್ಮ ದಾಯಾದಿ ಪೈಕಿ,” ಎಂದರು ಕೊನೆಗೆ.

“ಹಂಗಾರ ನಿಮ್ಮೊಳಗ ಸೂತಕ ಹಿಡೀತೀರಿ. ನಾಳೆ ನಮ್ಮನಿಗೆ ಬರಾಕ ಆಗಂಗಿಲ್ಲ ನಿನಗ. ಇರ್ಲಿ ಬಿಡು,” ಎಂದು ಶಿವಪುತ್ರಪ್ಪ ನಿಟ್ಟುಸಿರಿಟ್ಟ. ಮಾಡಿಸಿದ ಅಡುಗೆ ಉಳಿದೀತೆಂಬ ಯೋಚನೆ ಬಂದಿರಬೇಕು. ಅಂಗಳದಲ್ಲಿ ಕುಳಿತವರ ಕಡೆ ತಿರುಗಿ, “ನೀವಾದ್ರೂ ಎಲ್ಲಾರೂ ಬರ್ರಿ,” ಎಂದ.

ಗೌರಕ್ಕ ತಲೆಯಾಡಿಸಿದರು. ನವೀನ ದಾಸನಕೊಪ್ಪದ ಬಸ್ಸಿನ ವೇಳೆ ಕೇಳಿದ.