ಲ್ಯಾಪ್‌ಟಾಪಿಗೆ ನಾಲ್ಕನೇ ಜ್ವರ

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಲ್ಯಾಪ್‌ಟಾಪ್ ವೈದ್ಯರು ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ನನ್ನ ಅಭ್ಯಂತರವಿಲ್ಲ! ಆದರೆ ರಾಮನಗರದ ಮೆಕ್ಯಾನಿಕ್ಕು ಮೂರು ಸಲ ನೋಡಿ, ನಾಲ್ಕು ಸಲ ತಲೆ ಕೆರೆದುಕೊಂಡು, ಕೊನೆಗೂ ಹಿಡಿಯಲಾಗದ ಕಾಯಿಲೆಯನ್ನು ಅತ್ತೆ ಮೊದಲ ದಿನವೇ ಬರೀ ಅಂಗೈ ಇಟ್ಟು ಹೇಳಿದ್ದರು. ನಂಬದಿದ್ದವಳು ನಾನು. ಅದಕ್ಕೆ ತಕ್ಕ ಶಾಸ್ತಿಯೂ ಆಯಿತೆನ್ನಿ.

ನಮ್ಮದು ಕೈಲಾಂಚದ ಹತ್ತಿರದ ಊರು, ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ಬೇರೆ ಮನೆ, ಮನುಷ್ಯರಿಗೆ ಬೇರೆ ಮನೆ ಎಂದೇನೂ ಇರಲಿಲ್ಲ. ನಡುಮನೆ ಪೂರ್ತಿ ಹುಳುಗಳದ್ದು. ಮಿಕ್ಕ ಜಾಗದಲ್ಲಿ ನಾವು ಬಾಡಿಗೆಗೆ ಇದ್ದ ಹಾಗೆ ಇದ್ದೆವು. ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸೆಂಟು ಪೂಸಿಕೊಳ್ಳುವಂತಿಲ್ಲ. ಮದುವೆಯಾಗಿ ಮಾಗಡಿಯಿಂದ ಈ ಮನೆಗೆ ಬಂದ ದಿನ ಹೊಸಿಲ ಮೇಲಿನ ಸೇರಕ್ಕಿ ಒದ್ದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕಾಲದ್ದಿದ್ದು ಮಾತ್ರ ಚೆನ್ನಾಗಿ ನೆನಪಿದೆ!

ನಾನು ರಾಮನಗರದ ಕಾಲೇಜೊಂದರಲ್ಲಿ ಅರೆಕಾಲಿಕ ಕನ್ನಡ ಉಪನ್ಯಾಸಕಿ. ಕುದೂರಿನಿಂದ ಹಿಡಿದು ಕೋಡಿಹಳ್ಳಿವರೆಗಿನ ಊರುಗಳಿಗೆ ಆ ಹೆಸರು ಯಾಕೆ ಬಂತು ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಒಂದು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು. ಆ ವರ್ಷ ದೀಪಾವಳಿಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿಯೇ ರದ್ದು. ಆರು ವರ್ಷ ಬಸ್ಸು ಹತ್ತಿ ಇಳಿದು, ಊರೂರಿನ ಅರಳಿಕಟ್ಟೆಯ ಮೇಲೆ ಕೂತು ಕಲೆಹಾಕಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಆಗುತ್ತಿತ್ತು.

ಬಿಡದಿಯ ಕಡೆ ಸಾಲುಸಾಲಾಗಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನನ್ನ ಗಂಡನಿಗೆ ಅಂಥ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿನ ಆಫೀಸಿನವರು ಹೊಸ ಲ್ಯಾಪ್‌ಟಾಪ್ ತರಿಸಿಕೊಂಡು ಹಳೆಯವನ್ನು ನೌಕರರಿಗೆ ಕೊಟ್ಟಾಗ ಅವರು ಒಂದನ್ನು ನನಗಾಗಿ ತಂದರು. ಅತ್ತೆ ಜಗಲಿಯ ಮೇಲೆಯೇ ಅಡ್ಡಗಟ್ಟಿದರು.

"ಹೊರ್ಗಡೆಯಿಂದ ಬಂದದ್ದು. ಏನೇನ್ ರೋಗ ಹೊತ್ಕಂಡ್ ಬಂದೈತೋ! ಒಸಿ ತೊಳ್ದು ಒಳೀಕೆ ತಕ್ಕೊಳಿ."

"ಅತ್ತೆ, ಇದನ್ನ ತೊಳೆಯೋ ಹಾಗಿಲ್ಲ!"

"ಸೊಸೇನೇ ತೊಳ್ದು ಒಳೀಕ್ ತಕ್ಕಂಡಿವ್ನಿ. ಇದ್ಯಾವ್ ಮಹಾ?"

ಕೊನೆಗೆ ರಾಜಿಯಾಯಿತು. ಲ್ಯಾಪ್‌ಟಾಪು ಒಂದು ಬೆಳಗ್ಗೆ ಪೂರ್ತಿ ಎಳೆಬಿಸಿಲು ಕಾದು, ಒಣಬಟ್ಟೆಯಲ್ಲಿ ಮೈ ಒರೆಸಿಕೊಂಡು ಗೃಹಪ್ರವೇಶ ಮಾಡಿತು. ಅಡುಗೆಮನೆಯಲ್ಲಿ ಹೊಗೆ, ಕೋಣೆ ಸೋರುತ್ತಿತ್ತು. ಹೀಗಾಗಿ ನಡುಮನೆಯ ಮೂಲೆಯಲ್ಲಿ, ಹುಳುವಿನ ತಟ್ಟೆಗಳ ಸಾಲಿನ ಪಕ್ಕದಲ್ಲೇ ನನ್ನ ಮೇಜು ಬಿತ್ತು.

ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಹೆಚ್ಚುಕಮ್ಮಿ ಒಂದು ದಿನ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಹಾಸಿಗೆ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಮೊದಲೆರಡು ಜ್ವರ, ಮರಿಹುಳು ಬೆಳೆಸಿ ಕೊಡುವ ಚಾಕಿ ಕೇಂದ್ರದಲ್ಲೇ ಮುಗಿದಿರುತ್ತದೆ. ಮೂರನೆಯದು, ನಾಲ್ಕನೆಯದು ನಮ್ಮ ಮನೆಯಲ್ಲಿ.

ಒಂದು ಮಧ್ಯಾಹ್ನ ನಾನು ಟೈಪು ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ನೀಲಿಯಾಯಿತು, ಅದರ ಮೇಲೆ ಒಂದಿಷ್ಟು ಬಿಳಿ ಅಕ್ಷರ ಬಂತು, ಆಮೇಲೆ ಕತ್ತಲು. ಗುಂಡಿ ಒತ್ತಿದೆ. ಗುರ್ ಎಂದಿತು, ಕಂಪನಿಯ ಹೆಸರು ತೋರಿಸಿತು, ಸತ್ತಿತು. ಮತ್ತೆ ಒತ್ತಿದೆ. ಈ ಸಲ ಹೆಸರು ತೋರಿಸುವ ಸೌಜನ್ಯವೂ ಇಲ್ಲದೆ ಸತ್ತಿತು! ಪಕ್ಕದಲ್ಲಿ ಹುಳುವಿನ ಮೇಲೆ ಸುಣ್ಣ ಉದುರಿಸುತ್ತಿದ್ದ ಅತ್ತೆ ಬಂದು ಕೀಲಿಮಣೆಯ ಮೇಲೆ ಅಂಗೈ ಇಟ್ಟರು.

"ಮೈ ಕಾದೈತೆ. ಜರಕ್ಕೆ ಕೂತೈತೆ ಕಣಮ್ಮಿ. ಮುಟ್ಬ್ಯಾಡ."

"ಅತ್ತೆ, ಇದು ಹುಳ ಅಲ್ಲ!"

"ಅದ್ಕೇನ್ ಗೊತ್ತು, ತಾನು ಹುಳ ಅಲ್ಲ ಅಂತ?"

ಇದಕ್ಕೆ ಯಾವ ವಿಶ್ವವಿದ್ಯಾಲಯ ತಾನೇ ಉತ್ತರ ಕೊಟ್ಟೀತು? ಸಿಟ್ಟಿನಿಂದ ಎದ್ದುಹೋಗಿ ಪಾತ್ರೆ ತೊಳೆದು ಬಂದೆ. ಒಂದು ಗಂಟೆ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗದವರ ಹಾಗೆ ಎದ್ದು ಕೂತಿತು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೆದ್ದವರು ತಿರುಗಿ ನೋಡುವುದಿಲ್ಲ.

ಅಲ್ಲಿಂದ ಇದೇ ಪಾಡಾಯಿತು. ಹುಳು ಜ್ವರಕ್ಕೆ ಕೂತರೆ ಲ್ಯಾಪ್‌ಟಾಪೂ ಕೂರುತ್ತಿತ್ತು. ಹುಳು ಎದ್ದು ಒಂದೆರಡು ದಿನ ಕಳೆದರೆ ಇದೂ ಸುಧಾರಿಸಿಕೊಳ್ಳುತ್ತಿತ್ತು. ಅತ್ತೆ ಇದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಕಾಕತಾಳೀಯ ಎಂದೆ. ಸಂಶೋಧನೆ ಮಾಡುತ್ತಿದ್ದವಳು ನಾನು, ಗಮನಿಸಿದವರು ಅವರು!

ಒಂದು ದಿನ ನಾನು ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿಡುವುದನ್ನು ಕಂಡು ಅದೇನೆಂದು ಕೇಳಿದರು. ಬೆಳೆ ಹೋದರೂ ಮುಂದಿನ ಬೆಳೆಗೆ ಮೊಟ್ಟೆ ಇರುತ್ತಲ್ಲ ಅತ್ತೆ, ಇದು ಹಾಗೆ, ಎಂದೆ. ಹೇಳಬಾರದಿತ್ತು. ಅಂದಿನಿಂದ ಸಂಜೆ ದೀಪ ಹಚ್ಚಿದ ಕೂಡಲೇ ವಿಚಾರಣೆ ಶುರು. ಒಮ್ಮೆ ನಮ್ಮ ಮಾರ್ಗದರ್ಶಕರು ಫೋನಿನಲ್ಲಿ ಗಂಭೀರವಾಗಿ ಏನೋ ಹೇಳುತ್ತಿದ್ದಾಗಲೇ ಹಿಂದಿನಿಂದ ಅತ್ತೆಯ ಕಂಠ ಮೊಳಗಿತು.

"ಇವತ್ತೂ ಮೊಟ್ಟೆ ಇಡ್ನಿಲ್ವೇನಮ್ಮಿ? ನೆನ್ನೇನೂ ಇಟ್ಟಿಲ್ಲ!"

"ಕೋಳಿ ಸಾಕಿದ್ದೀರೇನಮ್ಮ?" ಎಂದರು ಮಾರ್ಗದರ್ಶಕರು.

"ಇಲ್ಲ ಸಾರ್, ಮೂರನೇ ಅಧ್ಯಾಯ."



ಲ್ಯಾಪ್‌ಟಾಪನ್ನು ರಾಮನಗರಕ್ಕೆ ತೋರಿಸಲು ಒಯ್ಯುವಾಗಲೆಲ್ಲ ಅತ್ತೆ ಜೊತೆಗೆ ಬರುತ್ತಿದ್ದರು. ಬಿಳಿ ಪಂಚೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟು, ಕಿಟಕಿಯ ಬಿಸಿಲು ಬೀಳದ ಹಾಗೆ ಸೆರಗು ಮರೆ ಮಾಡಿ ಕೂರುತ್ತಿದ್ದರು. ಕಂಡಕ್ಟರು "ಚಾಕಿ ಹುಳವಾ ಅಜ್ಜಿ?" ಎಂದರೆ, "ಊಂ ಕಣಪ್ಪ, ಒಸಿ ಮೈ ಸರಿ ಇಲ್ಲ" ಎನ್ನುತ್ತಿದ್ದರು. ಅಂಗಡಿಯಲ್ಲಿ ಮಾತ್ರ ಈ ಲ್ಯಾಪ್‌ಟಾಪು ಹೊಸ ಮದುಮಗನ ಹಾಗೆ ಚೆನ್ನಾಗಿ ನಡೆದುಕೊಳ್ಳುತ್ತಿತ್ತು. ಎರಡು ಗಂಟೆ ಓಡಿಸಿದರೂ ಒಂದು ಕೆಮ್ಮಿಲ್ಲ! ಮೂರನೇ ಸಲ ಮೆಕ್ಯಾನಿಕ್ಕು ನಮ್ಮನ್ನು ಸಾಗಹಾಕಲೆಂದೇ ಇರಬೇಕು, "ವೈರಸ್ ಮೇಡಂ" ಎಂದುಬಿಟ್ಟ.

ಬೆಂಚಿನ ಮೇಲಿದ್ದ ಅತ್ತೆ ಎದ್ದು ನಿಂತರು. ವೈರಸ್ ಎಂದರೇನೆಂದು ಅವರಿಗೆ ಅವನಿಗಿಂತ ಚೆನ್ನಾಗಿ ಗೊತ್ತು. ಹುಳುವಿನ ಮೈ ಹಾಲಿನಂತೆ ಬಿಳಿಚಿಕೊಂಡು ಒಡೆದುಹೋಗುವ ರೋಗದ ಬಗ್ಗೆ ರೇಷ್ಮೆ ಇಲಾಖೆಯವರ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿ ಬಂದವರು ಅವರು.

"ಬರೀ ಇದೊಂದ್ಕೇನಾ? ಬ್ಯಾರೆ ತಟ್ಟೆಗೂ ಹಬ್ಬೈತಾ?"

"ಫೈಲುಗಳಿಗೆಲ್ಲ ಹಬ್ಬಿರ್ತದೆ ಅಜ್ಜಿ."

"ಹಂಗಾರೆ ಸುಟ್ಟಾಕ್ಬೇಕು!"

ಅವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ವೈರಸ್ಸಿಗೆ ಒಂದು ಸಿ.ಡಿ. ಹಾಕಿ ಕಳಿಸಿದ. ಸಿ.ಡಿ.ಯ ಮೇಲೆ ಅತ್ತೆಗೆ ನಂಬಿಕೆ ಬರಲಿಲ್ಲ. ಅವರಿಗೆ ಗೊತ್ತಿದ್ದ ಔಷಧಿ ಒಂದೇ. ಮರುದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ, ಕೆಳಗೆ, ಸುತ್ತಮುತ್ತ ಸುಣ್ಣದ ಪುಡಿ ಬೆಳ್ಳಗೆ ಹರಡಿಕೊಂಡಿತ್ತು. ಕೈಯಾಡಿಸಿದರೆ ಮೋಡ ಏಳುತ್ತಿತ್ತು! ಒರೆಸಿಕೊಂಡು, ಬೈದುಕೊಂಡು, ಕೂತು ಬರೆದೆ.

ಗಡುವಿಗೆ ಹದಿನೈದು ದಿನವಿದೆ ಎನ್ನುವಾಗ ಲ್ಯಾಪ್‌ಟಾಪು ಪೂರ್ತಿ ನೆಲ ಕಚ್ಚಿತು. ನಡುಮನೆಯ ಹುಳುಗಳೆಲ್ಲ ಆಗಲೇ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿಯಾಗಿತ್ತು. ಆದರೂ ಅತ್ತೆ ಧೈರ್ಯ ಬಿಡಲಿಲ್ಲ. "ಇದು ನಾಲ್ಕ್ನೇ ಜರ. ದೊಡ್ಡ ಜರ. ಒಸಿ ಜಾಸ್ತಿ ಹೊತ್ತು ಹಿಡೀತದೆ" ಎಂದರು. ಕಾದೆ. ಮರುದಿನವೂ ಏಳಲಿಲ್ಲ. ಬರೆದದ್ದು ಪೆನ್‌ಡ್ರೈವಿನಲ್ಲಿತ್ತು, ನಿಜ. ಆದರೆ ಕೊನೆಯ ಅಧ್ಯಾಯ ಬಾಕಿ, ಇಡೀ ಪ್ರಬಂಧದ ತಿದ್ದುಪಡಿ ಬಾಕಿ. ಟೈಪಿಂಗ್ ಅಂಗಡಿಗೆ ಕೊಡೋಣವೆಂದರೆ, ಹಿಂದೊಮ್ಮೆ ಕೊಟ್ಟಾಗ ಅಲ್ಲಿನ ಪುಣ್ಯಾತ್ಮರು ಹಳೆಯ ಊರ ಹೆಸರುಗಳನ್ನೆಲ್ಲ ನನ್ನ ಕಾಗುಣಿತದ ತಪ್ಪೆಂದು ತಿಳಿದು ತಿದ್ದಿಕೊಟ್ಟಿದ್ದರು! ನನಗೆ ದಿಕ್ಕೇ ತೋಚಲಿಲ್ಲ. ಅತ್ತೆ ಮತ್ತೆ ಅಂಗೈ ಇಡಲು ಬಂದಾಗ ಕಿರುಚಿಬಿಟ್ಟೆ.

"ಇದು ಹುಳ ಅಲ್ಲ ಅತ್ತೆ! ನನ್ನ ಆರು ವರ್ಷ ಇದು!"

ಅತ್ತೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಒಳಗೆ ಹೋಗಿ ಪಂಚೆ ತಂದು ಲ್ಯಾಪ್‌ಟಾಪನ್ನು ಸುತ್ತಿದರು.

"ನಡಿ, ಚನ್ನಪಟ್ಣಕ್ಕೆ ಹೋಗವಾ."

ಚನ್ನಪಟ್ಟಣದಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ವಯಸ್ಸಾದವರೊಬ್ಬರು ಆಗ ಕಂಪ್ಯೂಟರುಗಳನ್ನೂ ನೋಡುತ್ತಿದ್ದರು. ಅವರು ಏನನ್ನೂ ಕೇಳಲಿಲ್ಲ. ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದರು. ಒಳಗಿನ ಪುಟ್ಟ ಫ್ಯಾನಿನ ಮೇಲೆ, ಅದರ ಪಕ್ಕದ ಗಾಳಿಕಿಂಡಿಯ ಮೇಲೆ ಬಿಳಿ ಹೆಕ್ಕಳಿಕೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಏನಮ್ಮ, ಮನೆಗೆ ಸುಣ್ಣ ಹೊಡೆಸೋವಾಗ ಇದಕ್ಕೂ ಹೊಡೆಸಿದ್ರಾ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಬೀದಿಯ ಕಡೆ ನೋಡುತ್ತಿದ್ದರು.

"ಗಾಳಿ ಆಡೋ ದಾರಿ ಕಟ್ಟಿಕೊಂಡು ಒಳಗೇ ಕಾಯ್ತಾ ಇತ್ತು. ಕಾದಾಗ ತಾನಾಗೇ ನಿಂತುಹೋಗೋದು, ತಣ್ಣಗಾದ್ರೆ ಏಳೋದು. ಒಂಥರಾ ಜ್ವರ ಅನ್ನಿ."

ಬೇರೆ ದಿನವಾಗಿದ್ದರೆ ಈ ಒಂದು ಮಾತಿಗೆ ಅತ್ತೆ ಅಂಗಡಿಯಲ್ಲೇ ವಿಜಯೋತ್ಸವ ಮಾಡುತ್ತಿದ್ದರು. ಅವತ್ತು ಕೈಯಲ್ಲಿದ್ದ ಪಂಚೆಯನ್ನು ಮಡಿಸಿ ಮತ್ತೆ ಮತ್ತೆ ಮಡಿಸಿದರು. ರಿಪೇರಿಯವರು ಬ್ರಷ್ಷಿನಲ್ಲಿ ಎಲ್ಲ ಗುಡಿಸಿ, ಊದಿ, ಮುಚ್ಚಿ ಗುಂಡಿ ಒತ್ತಿದರು. ಎದ್ದಿತು! "ಇನ್ನೊಂದು ಸಲ ಸುಣ್ಣ ಒಳಗೆ ಹೋದ್ರೆ ಒಳಗಿನ ಬೋರ್ಡೇ ಸುಟ್ಟುಹೋಗ್ತದೆ. ಆಗ ನನ್ನ ಕೈಲೂ ಆಗಲ್ಲ" ಎಂದು ಎಚ್ಚರಿಸಿ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಲೆಕ್ಕ ಹಾಕುತ್ತಿದ್ದೆ. ನಾಡಿದ್ದು ಹೊಸ ಚಾಕಿ ಹುಳು ಮನೆಗೆ ಬರುತ್ತದೆ. ಅದರ ಮೂರನೇ ಜ್ವರ, ನಾಲ್ಕನೇ ಜ್ವರ, ಎರಡಕ್ಕೂ ಸುಣ್ಣ, ಎರಡೂ ನನ್ನ ಗಡುವಿನ ಒಳಗೇ ಬೀಳುತ್ತವೆ. ಹುಳು ತರಬೇಡಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಮಾವ ತೀರಿಕೊಂಡ ತಿಂಗಳಲ್ಲೂ ಒಂದು ಬೆಳೆ ಬಿಡದ ಹೆಂಗಸು ಅವರು. ಅತ್ತೆ ತೊಡೆಯ ಮೇಲಿನ ಗಂಟನ್ನು ಹಿಡಿದುಕೊಂಡು ಕೂತಿದ್ದರು.

ಎರಡು ದಿನ ಕಳೆದು ಕಾಲೇಜಿನಿಂದ ಬಂದು ನೋಡುತ್ತೇನೆ, ನಡುಮನೆ ಖಾಲಿ! ತಟ್ಟೆಗಳೆಲ್ಲ ತೊಳೆಸಿಕೊಂಡು ಮಾಳಿಗೆಯ ಮೇಲೆ ಒಣಗುತ್ತಿದ್ದವು. ನೆಲ, ಗೋಡೆ, ತೊಲೆ ಎಲ್ಲ ಒದ್ದೆಬಟ್ಟೆಯಲ್ಲಿ ಒರೆಸಿಯಾಗಿತ್ತು. ನನ್ನ ಮೇಜು ಮೂಲೆ ಬಿಟ್ಟು ನಡುಮನೆಯ ನಟ್ಟನಡುವೆ ಬಂದು ನಿಂತಿತ್ತು.

"ಹುಳ ಎಲ್ಲಿ ಅತ್ತೆ?"

"ಈ ಬೆಳೆ ಬುಟ್ಟೆ. ಸೊಪ್ಪು ಸರಿಯಾಗಿಲ್ಲ."

ಸುಳ್ಳು! ಹಿತ್ತಲಾಚೆ ಹಿಪ್ಪುನೇರಳೆ ತೋಟ ಎದೆಮಟ್ಟಕ್ಕೆ ಹಚ್ಚಗೆ ನಿಂತಿತ್ತು. ಆ ಸೊಪ್ಪೆಲ್ಲ ಆ ಸಲ ನಮ್ಮ ಹಸುಗಳ ಪಾಲಾಯಿತು.

ಹುಳುವಿಲ್ಲದ ಮನೆಯಲ್ಲಿ ಅತ್ತೆಗೆ ಕೈ ಕಟ್ಟಿಹಾಕಿದ ಹಾಗಾಯಿತು. ಸೊಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಎದ್ದುನಿಂತು, ಏನು ಮಾಡಬೇಕೆಂದು ತಿಳಿಯದೆ ನಡುಮನೆಯಲ್ಲಿ ಸುತ್ತುಹಾಕುತ್ತಿದ್ದರು. ಎರಡನೇ ದಿನ ಅದಕ್ಕೂ ದಾರಿ ಕಂಡುಕೊಂಡರು. ಬೆಳಗ್ಗೆ, ಹೊತ್ತೇರಿದ ಮೇಲೆ, ಮಧ್ಯಾಹ್ನ, ಇಳಿಹೊತ್ತು, ಸಂಜೆ, ಹೀಗೆ ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆಲ್ಲ ನನ್ನ ಮುಂದೆ ಒಂದು ತಟ್ಟೆ ಬಂದು ಕೂರುತ್ತಿತ್ತು. ರೊಟ್ಟಿ, ಹುರಿಗಾಳು, ಮುದ್ದೆ, ಬಾಳೆಹಣ್ಣು, ಮತ್ತೆ ರೊಟ್ಟಿ! ಬೇಡವೆಂದರೆ ಕೇಳುವವರಲ್ಲ. ಆ ಹತ್ತು ದಿನದಲ್ಲಿ ಪ್ರಬಂಧವೂ ನಾನೂ ಪೈಪೋಟಿಯ ಮೇಲೆ ದಪ್ಪಗಾದೆವು. ಲ್ಯಾಪ್‌ಟಾಪು ಒಂದು ದಿನವೂ ನಿಲ್ಲಲಿಲ್ಲ.

ಗಡುವಿನ ಹಿಂದಿನ ದಿನ ಬೆಳಗ್ಗೆ, ರಟ್ಟು ಕಟ್ಟಿಸಿದ ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ವಿಶ್ವವಿದ್ಯಾಲಯಕ್ಕೆ ಹೊರಟೆ. ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಂದು ಪುಟ ತೆಗೆದರು. ನನಗೆ ತಡೆಯಲಾಗಲಿಲ್ಲ.

"ಸೊಪ್ಪು ಚೆನ್ನಾಗೇ ಇತ್ತಲ್ಲ ಅತ್ತೆ. ಯಾಕೆ ಬೆಳೆ ಬಿಟ್ರಿ?"

ಅತ್ತೆ ಪುಟದಿಂದ ಕಣ್ಣೆತ್ತದೆಯೇ ಹೇಳಿದರು.

"ನಾನು ಎರಡ್ನೇ ಕ್ಲಾಸ್ನಲ್ಲಿದ್ದೆ. ಹುಳ ದೊಡ್ಡ ಜರ ಎದ್ದಿದ್ವು. ಸೊಪ್ಪು ಕುಯ್ಯಕ್ಕೆ ಕೈ ಸಾಲ್ದು ಅಂತ ನಮ್ಮಪ್ಪ ಇಸ್ಕೂಲ್‌ತಾವ್ಕೆ ಬಂದು ಕರ್ಕೊಂಡ್ ಹೋದ. ಈ ಬೆಳೆ ಒಂದ್ ಮುಗೀಲಿ, ಆಮೇಕೆ ಹೋಗೀವಂತೆ ಅಂದ. ಆ ಬೆಳೆ ಮುಗೀಲೇ ಇಲ್ಲ ಕಣಮ್ಮಿ." ಪುಸ್ತಕವನ್ನು ಮುಚ್ಚಿ ನನ್ನ ಚೀಲದೊಳಗೆ ಜೋಪಾನವಾಗಿ ಇಟ್ಟರು. "ಹುಳ ನನ್ ಓದ್ನ ತಿಂದ್ವು. ನಿಂದೂ ತಿನ್ನಕ್ಕೆ ಬುಟ್ಟೇನಾ?"

ಚೀಲ ಕೆಳಗಿಟ್ಟು ಕಾಲು ಮುಟ್ಟಲು ಬಗ್ಗಿದೆ. ಅತ್ತೆ ಎರಡೂ ತೋಳು ಹಿಡಿದು ಎತ್ತಿ ನಿಲ್ಲಿಸಿದರು.

"ಏಳು, ಏಳು. ಬಸ್ಸು ಹೊಂಟೋಯ್ತದೆ."